ಹೆಚ್ಚಿದ ಕೂಲಿ, ಹೇಳಿದ ಹೆಸರು

ನಿಪ್ಪಾಣಿ
15 ಸೆಪ್ಟೆಂಬರ್ 1991, ರವಿವಾರ

ಪಾಲಬಾವಿಯ ನಮ್ಮ ಮನೆಯವರಿಗೆ,

ಸುಂದರಾ ಮಾಡುವ ನಮಸ್ಕಾರಗಳು. ನಾನು ಚಿಗವ್ವ ಹೊಳೆವ್ವನ ಮನೆಯಲ್ಲಿ ಆರಾಮವಾಗಿದ್ದೇನೆ. ನೀವೂ ನಿಮ್ಮ ನಾಲ್ಕು ಆಡುಗಳೂ ಹೇಗಿದ್ದೀರಿ, ತಿಳಿಸಿ. ಎಂಟು ತಿಂಗಳ ಮೇಲೆ ಹೆಂಡತಿಯ ಕಾಗದ ಬಂತೆಂದು ಗಾಬರಿಯಾಗಬೇಡಿ. ಒಂದು ಸರಕಾರಿ ಕಾಗದದಲ್ಲಿ ನಿಮ್ಮ ಹೆಸರು ಸೇರಿದೆ, ಅದನ್ನು ತಿಳಿಸಲೆಂದೇ ಬರೆಯುತ್ತಿದ್ದೇನೆ. ಬೇರೆ ಏನೂ ಇಲ್ಲ.

ನಾನು ಬೀಡಿ ಕಟ್ಟಲು ನಿಪ್ಪಾಣಿಗೆ ಹೋಗುತ್ತೇನೆ ಎಂದಾಗ ನೀವು, "ಹೆಂಡ್ತಿ ದುಡದದ್ದು ತಿನ್ನೂ ಗಂಡಸ ನಾ ಅಲ್ಲ" ಅಂದಿರಿ. ನಾನೂ ಸಿಟ್ಟಿನಲ್ಲಿ, "ಹಂಗಾರ ಉಪಾಸ ಇರ್ರಿ" ಅಂದುಬಿಟ್ಟೆ. ಆ ಮಾತು ಆಡಬಾರದಿತ್ತು. ಈಗ ರೇಷನ್ ಸಕ್ಕರೆಯೂ ಎಣ್ಣೆಯೂ ತುಟ್ಟಿಯಾಗಿವೆ. ಎಣ್ಣೆಯ ಸೀಸೆ ಹಿಡಿದಾಗಲೆಲ್ಲ, ಅಲ್ಲಿ ನಿಮ್ಮ ಪಲ್ಯಕ್ಕೆ ಒಗ್ಗರಣೆ ಬೀಳುತ್ತದೋ ಇಲ್ಲವೋ ಎಂದು ಯೋಚನೆಯಾಗುತ್ತದೆ.

ಇಲ್ಲಿಯ ಸುದ್ದಿ ಕೇಳಿ. ಹೋದ ತಿಂಗಳು ಸರಕಾರ ಸಾವಿರ ಬೀಡಿಯ ಕೂಲಿಗೆ ಎರಡು ರೂಪಾಯಿ ಏರಿಸಿತು. ನಮ್ಮ ಠೇಕೇದಾರ ಬಾಬಾಸಾಹೇಬ ಹೊಸ ದರವನ್ನು ನಗುನಗುತ್ತಲೇ ಒಪ್ಪಿಕೊಂಡ. ಆದರೆ ಅಂದಿನಿಂದ ಬೀಡಿ ಆರಿಸುವಾಗ ಅವನ ಕಣ್ಣು ಬಹಳ ಚುರುಕಾಯಿತು. ಮೊದಲು ಸಾವಿರಕ್ಕೆ ಇಪ್ಪತ್ತು ಕಳಪೆ ಎಂದು ಬದಿಯ ಬುಟ್ಟಿಗೆ ಹಾಕುತ್ತಿದ್ದವನು ನೂರೈವತ್ತು ಹಾಕತೊಡಗಿದ. ಅವಕ್ಕೆ ಕೂಲಿಯಿಲ್ಲ. ಸರಕಾರ ಕೊಟ್ಟದ್ದನ್ನು ಅವನ ಬುಟ್ಟಿ ನುಂಗುತ್ತಿತ್ತು. ಆ ಬೀಡಿಗಳನ್ನೂ ಅವನು ಮಾರುತ್ತಿದ್ದದ್ದು ನಮಗೆಲ್ಲ ಗೊತ್ತು.

ಕೇಳಿದರೆ, "ನಾಳಿಂದ ನಿನಗ ಎಲಿ ಸಿಗೂದಿಲ್ಲ" ಅನ್ನುತ್ತಿದ್ದ. ಅವನು ಬೀಡಿ ಸುತ್ತುವ ಎಲೆ ಕೊಡದಿದ್ದರೆ ನಮ್ಮ ಒಲೆ ಹೊತ್ತುವುದಿಲ್ಲ, ಅದಕ್ಕೆ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದೆವು. ಬುಧವಾರ ನನ್ನ ಇನ್ನೂರು ಬೀಡಿ ಬುಟ್ಟಿಗೆ ಬಿದ್ದವು. ಎಲ್ಲಿಂದ ಧೈರ್ಯ ಬಂತೋ, "ಕೆಟ್ಟ ಬೀಡಿ ಯಾಕ ಇಟ್ಕೋತೀರಿ ಸಾಹುಕಾರ್ರ? ಮುರದ ಹಾಕೂಣು" ಎಂದು ಎಲೆ ಕತ್ತರಿಸುವ ಕತ್ತರಿ ತೆಗೆದು ಒಂದು ಹಿಡಿ ಬೀಡಿ ಕಚಕ್ಕನೆ ಕತ್ತರಿಸಿದೆ. ಚಿಗವ್ವ ತನ್ನವನ್ನು ಕತ್ತರಿಸಿದಳು. ಆಮೇಲೆ ಲಗಮವ್ವ, ಕೆಂಪವ್ವ, ಸಾಲಿನವರೆಲ್ಲ. ಬಾಬಾಸಾಹೇಬ ಬುಟ್ಟಿಯ ಮೇಲೆ ಎರಡೂ ಕೈ ಚಾಚಿ, "ಏ, ಬ್ಯಾಡ್ರೆ, ಚಲೋ ಬೀಡಿ ಅದಾವ, ಹಾಳ ಮಾಡಬ್ಯಾಡ್ರಿ" ಎಂದ. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚಿಗವ್ವ, "ಚಲೋ ಇದ್ರ ಎಣಸ್ರಿ, ರೊಕ್ಕಾ ಕೊಡ್ರಿ" ಎಂದಳು. ಎಣಿಸಿದ.

ಈ ಸುದ್ದಿ ಕಾರ್ಮಿಕ ಇಲಾಖೆಯವರ ಕಿವಿಗೂ ಬಿತ್ತು. ಶುಕ್ರವಾರ ಸಾಹೇಬರೊಬ್ಬರು ಬಂದು ಕೂಲಿಯ ಪುಸ್ತಕ ನೋಡಿದರು. ಮುಪ್ಪಿನ ಕಾಲಕ್ಕೆ ಸಿಗುವ ಫಂಡಿನ ಫಾರ್ಮುಗಳನ್ನೂ ತುಂಬಿಸಿಕೊಂಡರು. ನನ್ನ ಸರದಿ ಬಂದಾಗ, "ನೀವು ತೀರಿಕೊಂಡರೆ ಹಣ ಯಾರಿಗೆ ಸೇರಬೇಕು?" ಎಂದು ಕೇಳಿದರು. ಚಿಗವ್ವನ ಹೆಸರು ಹೇಳಬೇಕೆಂದೇ ಹೋಗಿದ್ದೆ. ಆದರೆ ಬಾಯಿಂದ "ನಮ್ಮ ಮನಿಯವರಿಗೆ" ಎಂದೇ ಬಂತು. ಹೆಸರು ಹೇಳಿ ಎಂದರು. ಗಂಡನ ಹೆಸರು ಹೇಗೆ ಹೇಳಲಿ? "ಒಡಪಿನ್ಯಾಗ ಹೇಳಬೇ" ಎಂದು ಹೆಂಗಸರೆಲ್ಲ ಕೂಗಿದರು. ಕಣ್ಣು ಮುಚ್ಚಿ ಹೇಳಿಬಿಟ್ಟೆ:

"ಪಾಲಬಾವಿ ಅಡವ್ಯಾಗ ಮೇಯ್ತೈತಿ ಆಡಿನ ಹಿಂಡ,
ಎಷ್ಟ ಮುನಿದ್ರೂ ಸಿದರಾಯರಽ ನನ್ನ ಗಂಡ."

ಸಾಹೇಬರು ನಗುತ್ತ ಬರೆದುಕೊಂಡರು. ನಾಲ್ಕು ಆಡಿಗೆ ಹಿಂಡ ಎಂದದ್ದು ಪ್ರಾಸಕ್ಕಾಗಿ, ತಪ್ಪು ತಿಳಿಯಬೇಡಿ. ಉಳಿದದ್ದೆಲ್ಲ ಖರೆ.

ನೀವು ನನ್ನ ದುಡಿಮೆ ತಿನ್ನಬೇಕಿಲ್ಲ. ಈ ಊರಿನಲ್ಲಿ ಹಾಲಿಗೆ ಒಳ್ಳೆಯ ಬೆಲೆ ಇದೆ. ಚಿಗವ್ವನ ಹಿತ್ತಲಲ್ಲಿ ಆಡು ಕಟ್ಟುವಷ್ಟು ಜಾಗ ಖಾಲಿ ಬಿದ್ದಿದೆ. ಒಬ್ಬರದು ಇನ್ನೊಬ್ಬರು ಉಂಡರೆ ಯಾರ ಮಾನವೂ ಹೋಗುವುದಿಲ್ಲ ಎಂದು ನನಗೆ ಅನಿಸುತ್ತದೆ. ನಿಮಗೇನನಿಸುತ್ತದೋ ಬರೆಯಿರಿ.

ಇಂತಿ ನಿಮ್ಮ ಮಾತಿಗೆ ಕಾದಿರುವ,
ಸುಂದರಾ

ತಾ.ಕ.: ಸರಕಾರ ಬಸ್ಸಿನ ದರವನ್ನೂ ಏರಿಸಿದೆಯಂತೆ. ಹೋಗಿ ಬರುವ ಖರ್ಚು ನಮ್ಮಂಥವರಿಗೆ ಭಾರ. ಅದಕ್ಕೆ, ಬರುವ ಖರ್ಚನ್ನಷ್ಟೇ ಮಾಡಿ.