ಕಣ್ಣು ಮುಚ್ಚಿ ನುಂಗಿದ ಮಾತ್ರೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಮ್ಮನಿಗೆ,

ನಿನ್ನ ಸಿಡುಕಿ ಮಗಳು ಬರೆಯುತ್ತಿದ್ದೇನೆ. ಇಷ್ಟು ದಪ್ಪ ಲಕೋಟೆ ನೋಡಿದ ಕೂಡಲೇ ಎದೆ ಹಿಡಿದುಕೊಂಡು ಕೂರಬೇಡ. ನಾನು ಚೆನ್ನಾಗಿದ್ದೇನೆ. ಮಗುವೂ ಚೆನ್ನಾಗಿದೆ, ಒದೆಯುವುದರಲ್ಲಿ, ನಿದ್ದೆಯಲ್ಲಿ ಕಾಲಾಡಿಸುವ ನಿನ್ನ ಅಳಿಯನನ್ನೂ ಮೀರಿಸುತ್ತಿದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಕಿರುಚುತ್ತೇನೆ, ನೀನು ಅಳುತ್ತೀಯ, ಆಮೇಲೆ ಇಬ್ಬರೂ ‘ಊಟ ಆಯ್ತಾ’ ಅಂತ ಕೇಳಿಕೊಂಡು ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ನೀನು ಅಣ್ಣನ ಮನೆಗೆ ಹೋದಾಗಿನಿಂದ ಈ ಮನೆ ಬಿಕೋ ಎನ್ನುತ್ತಿದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಮಲಗುವ ಕೋಣೆಯವರೆಗೂ ಕೇಳಿಸುತ್ತದೆ. ನೀನಿದ್ದಾಗಲೂ ತೊಟ್ಟಿಕ್ಕುತ್ತಿತ್ತೇನೋ, ನಿನ್ನ ಬಾಯಿಯ ಮುಂದೆ ಅದಕ್ಕೆಲ್ಲಿ ಅವಕಾಶ? ನಿನ್ನ ಅಳಿಯ ಹಡಗಿನಿಂದ ಫೋನ್ ಮಾಡುತ್ತಾರೆ, ‘ಹಲೋ, ಕೇಳಿಸ್ತಾ ಇದೆಯಾ’ ಅನ್ನುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಹೆರಿಗೆ ಆದ ಮೇಲೇ ಅವರಿಗೆ ರಜೆಯಂತೆ. ಬೆಳಿಗ್ಗೆ ಎದ್ದವಳು ಅಭ್ಯಾಸಬಲದಿಂದ ಎರಡು ಲೋಟ ಚಹಾ ಮಾಡಿಬಿಡುತ್ತೇನೆ. ನಿನ್ನ ಪಾಲಿನದನ್ನೂ ನಾನೇ ಕುಡಿಯುತ್ತೇನೆ, ಆರಿ ತಣ್ಣಗಾದ ಮೇಲೆ.

ಅವತ್ತು ಚೀಲ ಹಿಡಿದು ಬಾಗಿಲಲ್ಲಿ ನಿಂತು ನೀನು ಕೇಳಿದೆ, ‘ನಾನೇನು ತಪ್ಪು ಮಾಡ್ದೆ, ಅದನ್ನಾದ್ರೂ ಹೇಳೇ’ ಅಂತ. ‘ಏನಿಲ್ಲ, ನಂಗೆ ಒಬ್ಳೇ ಇರ್ಬೇಕು ಅನ್ನಿಸ್ತಿದೆ’ ಅಂದೆ. ಅದು ಹಸಿ ಸುಳ್ಳು. ಒಬ್ಬಳೇ ಇರುವುದೆಂದರೆ ನನಗೆ ಆಗಿಬರುವುದಿಲ್ಲ, ನಿನಗೂ ಗೊತ್ತು. ನೀನು ಮಾಡಿದ್ದು ನನಗೆ ತಿಳಿದುಹೋಗಿತ್ತು, ಅದಕ್ಕೇ ನಿನ್ನನ್ನು ಕಳಿಸಿದೆ.

ಮದುವೆಗೆ ಮುಂಚಿನಿಂದಲೂ ನಾನು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವಳು. ಬಸುರಿಯೆಂದು ಗೊತ್ತಾದ ಕೂಡಲೇ ಡಾಕ್ಟರಮ್ಮನ ಹತ್ತಿರ ಹೋದೆವಲ್ಲ, ನೀನೂ ಪಕ್ಕದಲ್ಲೇ ಕೂತಿದ್ದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ‘ಏನೂ ಆಗೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ. ಹುಟ್ಟಿದ ಮೇಲೆ ಮಗು ಸ್ವಲ್ಪ ದಿನ ರಚ್ಚೆ ಹಿಡೀಬಹುದು, ನಾವು ನೋಡ್ಕೋತೀವಿ. ಆದ್ರೆ ನಿಮ್ಮ ವಿಷಯದಲ್ಲಿ ಮಾತ್ರೆ ಬಿಡೋದೇ ಹೆಚ್ಚು ಅಪಾಯ. ನೀವೇ ಕುಸಿದುಬಿದ್ರೆ ಮಗೂನ ಹೊರೋರು ಯಾರು?’ ಅಂದರು. ನೀನು ದೊಡ್ಡದಾಗಿ ತಲೆಯಾಡಿಸಿದೆ. ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಟೀಚರಮ್ಮ ನಿನ್ನ ಕಿವಿ ಕಚ್ಚಿದರು, ಅಷ್ಟೇ. ‘ಹೊಟ್ಟೇಲಿರೋ ಕೂಸಿಗೂ ಆ ಮಾತ್ರೆ ತಿನ್ನಿಸ್ತೀಯೇನೇ?’ ಅಂತ ನೀನು ಶುರು ಮಾಡಿದೆ. ನಾನು ಲೋಟ ಕುಕ್ಕಿದೆ. ಮಾರನೆಯ ದಿನದಿಂದ ನೀನು ಆ ಮಾತೇ ಎತ್ತಲಿಲ್ಲ. ಅಬ್ಬ, ಅಮ್ಮನಿಗೆ ಅರ್ಥವಾಯಿತು ಅಂದುಕೊಂಡು ಬೀಗಿದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಚಿಕ್ಕವಳಿದ್ದಾಗ ಔಷಧಿ ಕುಡಿಸಲು ನೀನು ನನ್ನ ಹಿಂದೆ ಮನೆಯೆಲ್ಲ ಓಡಬೇಕಿತ್ತು. ಕೊನೆಗೆ ನೀನೇ ಒಂದು ಉಪಾಯ ಹುಡುಕಿದೆ. ‘ಕಣ್ಮುಚ್ಚು, ಕೈ ಚಾಚು, ನೋಡಬಾರ್ದು, ನುಂಗು.’ ಈ ವಯಸ್ಸಿನಲ್ಲೂ, ಇಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು, ನಿನ್ನೆದುರು ಕಣ್ಣು ಮುಚ್ಚಿ ಕೈ ಚಾಚುತ್ತಿದ್ದೆ. ದಿನದಲ್ಲಿ ನನಗೆ ಹಿತವೆನಿಸುತ್ತಿದ್ದ ಗಳಿಗೆ ಅದೊಂದೇ. ಏಳು ಖಾನೆಗಳ ವಾರದ ಡಬ್ಬಿಗೆ ಮಾತ್ರೆ ತುಂಬಿಸುವುದನ್ನೂ ನೀನೇ ವಹಿಸಿಕೊಂಡೆ. ನೋಡುವ ಪ್ರಮೇಯವೇ ನನಗೆ ಬರಲಿಲ್ಲ.

ಆಮೇಲೆ ನಾನು ಹೇಗಾದೆ ಅನ್ನುವುದನ್ನು ನೀನೇ ನೋಡಿದೆ. ತಲೆ ಬಾಚಲೂ ಬೇಜಾರು. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಸ್ಕ್ರೂ ಕೂರಿಸಲು ಹೋದರೆ ಅದು ಮತ್ತೆ ಮತ್ತೆ ಕೈಜಾರುತ್ತಿತ್ತು. ಅಂಗಡಿಯ ಯಜಮಾನರು ಪಾಪ, ಏನೂ ಅನ್ನದೆ ನನ್ನ ಟ್ರೇಗಳನ್ನು ತಾವೇ ಎತ್ತಿಕೊಂಡು ಹೋಗುತ್ತಿದ್ದರು. ಮಗು ಒದ್ದರೂ ಅದು ಯಾರದೋ ಹೊಟ್ಟೆಯಲ್ಲಿ ಒದ್ದಂತಿತ್ತು. ಮಾತ್ರೆಯೂ ಕೈಕೊಟ್ಟಿತು, ಇನ್ನು ನನಗೆ ದಿಕ್ಕಿಲ್ಲ ಅಂದುಕೊಂಡೆ. ಮತ್ತೆ ಡಾಕ್ಟರಮ್ಮನ ಹತ್ತಿರ ಹೋದಾಗ ಅವರು, ‘ಸರಿಯಾಗಿ ತಗೋತಿದ್ದೀರಿ ತಾನೇ? ಹಾಗಿದ್ರೆ ಡೋಸು ಹೆಚ್ಚಿಸೋ ಯೋಚನೆ ಮಾಡ್ಬೇಕಾಗುತ್ತೆ’ ಅಂದರು. ನೀನು ಕೈಚೀಲದ ಜಿಪ್ಪನ್ನು ಎಳೆಯುತ್ತಾ, ಹಾಕುತ್ತಾ ಕೂತಿದ್ದೆ. ಅಮ್ಮಾ, ಮಾತ್ರೆ ಬದಲಾಯಿಸಿದ್ದನ್ನು ಕ್ಷಮಿಸಬಲ್ಲೆ. ಆವಾಗಲೂ ಬಾಯಿ ಬಿಡಲಿಲ್ಲವಲ್ಲ, ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗೊತ್ತಾದದ್ದು ಹೀಗೆ. ಒಂದು ದಿನ ಬಸ್ಸಿಗೆ ಹೊತ್ತಾಯಿತೆಂದು ನಿನ್ನ ಕೈಯಿಂದ ಮಾತ್ರೆ ಇಸಿದುಕೊಂಡು ಜೇಬಿಗೆ ಹಾಕಿಕೊಂಡು ಓಡಿದೆನಲ್ಲ? ಅಂಗಡಿಯಲ್ಲಿ ನೀರಿನ ಬಾಟಲಿ ತೆರೆಯುವಾಗ ಅದು ಜಾರಿ ಸ್ಕ್ರೂಗಳ ತಟ್ಟೆಯೊಳಗೆ ಬಿತ್ತು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿಕೊಂಡೇ ಇದ್ದೆ, ಅದರಲ್ಲೇ ಹುಡುಕಿದೆ. ನನ್ನ ಮಾತ್ರೆಗೆ ನಡುವೆ ಒಂದು ಗೀರು ಇರಬೇಕು. ಇದರ ಮೈ ನುಣ್ಣಗಿತ್ತು. ತಿರುಗಿಸಿ ಮುರುಗಿಸಿ ನೋಡಿದೆ, ಗೀರಿಲ್ಲ. ಮಧ್ಯಾಹ್ನ ಮೆಡಿಕಲ್ ಶಾಪಿನವನಿಗೆ ತೋರಿಸಿದರೆ, ‘ಸಾದಾ ವಿಟಮಿನ್ನು ಕಣ್ರೀ, ಇದಕ್ಯಾಕೆ ಮುಖ ಹೀಗೆ ಬಿಳಿಚ್ಕೊಂಡಿದೆ?’ ಅಂತ ನಕ್ಕ.

ಮನೆಗೆ ಬಂದು ರಂಪ ಮಾಡುತ್ತೇನೆ ಅಂದುಕೊಂಡಿದ್ದೆ. ನೀನು ಬಾಲ್ಕನಿಯಲ್ಲಿ ಕೂತು ಮಗುವಿನ ಟೋಪಿ ಹೆಣೆಯುತ್ತಿದ್ದೆ. ಚೀಲ ಇಟ್ಟು ಒಳಗೆ ಹೋಗಿಬಿಟ್ಟೆ. ಡಾಕ್ಟರಮ್ಮನಿಗೂ ನಿನ್ನ ಹೆಸರು ಹೇಳಲಿಲ್ಲ. ‘ಮನೇಲಿ ಮಾತ್ರೆ ಅದಲುಬದಲಾಗಿತ್ತು’ ಅಂದೆ. ಅವರು ನನ್ನ ಮುಖ ನೋಡಿದರು, ಕೆದಕಲಿಲ್ಲ. ಸಣ್ಣ ಡೋಸಿನಿಂದ ಮತ್ತೆ ಶುರು ಮಾಡಿಸಿದರು. ಅದೇ ವಾರ ನಿನ್ನನ್ನು ಬಸ್ಸು ಹತ್ತಿಸಿದೆ.

ಈಗ ನಿಧಾನವಾಗಿ ಜೀವ ಮರಳುತ್ತಿದೆ. ಮೊನ್ನೆ ಒಬ್ಬ ತಾತ ಅಂಗಡಿಗೆ ಬಂದು, ‘ನಿಮ್ಮ ಕನ್ನಡಕ ಹಾಕ್ಕೊಂಡ್ರೆ ಪೇಪರಿನ ಒಂದಕ್ಷರಾನೂ ಕಾಣ್ಸಲ್ಲ’ ಅಂತ ಕೂಗಾಡಿದರು. ಹಾಕಿಕೊಂಡು ಬಂದಿದ್ದು ಅಜ್ಜಿಯ ಕನ್ನಡಕ! ನಾನು ನಕ್ಕೆ. ನಕ್ಕು ಎಷ್ಟು ಕಾಲವಾಗಿತ್ತು ಅಂತ ಆಮೇಲೆ ಹೊಳೆಯಿತು. ಸಂಜೆ ನಿನಗೆ ಹೇಳೋಣವೆಂದು ಮೆಟ್ಟಿಲು ಹತ್ತಿ ಬಂದರೆ ಬಾಗಿಲಿಗೆ ಬೀಗ. ಚಪ್ಪಲಿ ಬಿಡದೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನೀನು ಹೆದರಿದ್ದೆ, ನನಗೆ ಗೊತ್ತು. ಬೇರೆಯವರ ಮಕ್ಕಳನ್ನು ಶಿಶುವಿಹಾರದಲ್ಲಿ ಅಷ್ಟು ವರ್ಷ ಎತ್ತಿ ಆಡಿಸಿದವಳು, ಸ್ವಂತ ಮೊಮ್ಮಗುವಿಗೆ ಏನಾದರೂ ಆದರೆ ಅಂತ ನಿನ್ನ ಕರುಳು ಕಿತ್ತುಬಂದಿರಬೇಕು. ಹೆದರಿಕೆ ನನಗಿಲ್ಲ ಅಂದುಕೊಂಡೆಯಾ? ದಿನಾ ಮಾತ್ರೆ ಕೈಗೆತ್ತಿಕೊಂಡಾಗ ಹೊಟ್ಟೆಗೆ ಕೈಯಿಟ್ಟು, ‘ಕ್ಷಮಿಸು ಕಂದ, ನಿನ್ನಮ್ಮ ನೆಟ್ಟಗಿರಬೇಕು’ ಅನ್ನುತ್ತೇನೆ. ಇನ್ನು ರಚ್ಚೆಯ ಮಾತು. ನಿನ್ನ ಮಗಳ ಮಗು ರಚ್ಚೆ ಹಿಡಿದರೆ ಅದು ಮಾತ್ರೆಯಿಂದ ಬಂದದ್ದೋ ವಂಶದಿಂದ ಬಂದದ್ದೋ ಅಂತ ಯಾವ ಡಾಕ್ಟರೂ ಹೇಳಲಾರರು, ಬಿಡು.

ಅಮ್ಮ, ಬಂದುಬಿಡು. ಹೆರಿಗೆಯ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿ ನನ್ನವರು ಅಂತ ಒಬ್ಬರಾದರೂ ಇರಬೇಕು. ಆದರೆ ಒಂದು ಮಾತು. ಈಗಲೂ, ಮಗು ಹುಟ್ಟಿದ ಮೇಲೂ, ನನ್ನ ಮಾತ್ರೆಯನ್ನು ಬದಲಾಯಿಸಬಾರದು, ಬಿಡು ಅನ್ನಬಾರದು. ಅದು ನಿನ್ನಿಂದ ಆಗುವುದಿಲ್ಲ ಅನ್ನಿಸಿದರೆ ಬರಬೇಡ, ಅಣ್ಣನ ಮನೆಯಲ್ಲೇ ಇರು, ಮಗುವಿನ ಫೋಟೋ ಕಳಿಸುತ್ತೇನೆ. ಇದನ್ನು ಬರೆಯುವಾಗ ಅಳು ಬಂತು. ಆದರೂ ಈ ಸಾಲನ್ನು ಹೊಡೆದುಹಾಕುವುದಿಲ್ಲ.

ಅಣ್ಣ ಅತ್ತಿಗೆಗೆ ಇದನ್ನು ಓದಿಸಬೇಡ. ಇದು ನನ್ನ ನಿನ್ನ ನಡುವೆ ಇರಲಿ.

ದಾರಿ ಕಾಯುತ್ತಿರುವ,
ನಿನ್ನ ಸಿಡುಕಿ

ಮೇಲೆ ಬರೆಯದೆ ಬಿಟ್ಟಿದ್ದು: ಆ ವಿಟಮಿನ್ ದಿನಗಳಲ್ಲಿ ಒಂದು ಸಂಜೆ ತಡವಾಗಿ ಬಂದು, ಅಂಗಡಿಯಲ್ಲಿ ಕೆಲಸ ಜಾಸ್ತಿಯಿತ್ತು ಅಂದೆನಲ್ಲ. ಕೆಲಸ ಇರಲಿಲ್ಲ. ಸೇತುವೆಯ ಸ್ಟಾಪಿನಲ್ಲಿ ಇಳಿದುಬಿಟ್ಟಿದ್ದೆ. ಬಸ್ಸಿನ ಕಂಡಕ್ಟರ್ ಹೆಂಗಸು ಬಾಗಿಲಲ್ಲೇ ನಿಂತು, ‘ಇಲ್ಲಿ ಮನೆಮಠ ಏನೂ ಇಲ್ವಲ್ಲಮ್ಮ, ಯಾಕೆ ಇಳಿದ್ರಿ? ಹತ್ತಿ ಹತ್ತಿ, ನೀವು ಹತ್ತದೆ ನಾನು ಬಸ್ ಬಿಡಲ್ಲ’ ಅಂದಳು. ಹತ್ತಿದೆ. ಮನೆಗೆ ಬಂದಾಗ ನೀನು ಬಿಸಿನೀರು ಕಾಯಿಸಿಕೊಟ್ಟೆ. ನಿನ್ನನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಮಾತ್ರೆ ಯಾಕೆ ಅಂತ ಇನ್ನೊಮ್ಮೆ ನೀನು ಕೇಳಬಾರದು, ಅದಕ್ಕೆ.

ಕಾಗದದ ಜೊತೆ ವಾರದ ಡಬ್ಬಿಯನ್ನೂ ಕಳಿಸಿದ್ದೇನೆ, ಖಾಲಿ ಇದೆ. ಪಕ್ಕದಲ್ಲಿ ಗೀರಿರುವ ಮಾತ್ರೆಗಳ ಒಂದು ಸ್ಟ್ರಿಪ್ ಇದೆ. ನೀನೇ ತುಂಬಿಸಿಕೊಂಡು ಬಾ. ಬಂದ ದಿನ ಮಾತ್ರ ಕಣ್ಣು ತೆರೆದು ನೋಡುತ್ತೇನೆ. ಮಾರನೆಯ ದಿನದಿಂದ ಮುಚ್ಚಿಕೊಂಡೇ ಕೈ ಚಾಚುತ್ತೇನೆ.