ಹಿತ್ತಲ ದಿಬ್ಬದೊಳಗಿನ ತಂಪು ಖೋಲಿ

ಖಾನಾಪುರ
೩ ನವೆಂಬರ್ ೧೯೮೫, ರವಿವಾರ

ನನ್ನ ಮನೆಯವರಿಗೆ,

ಅಕ್ಕವ್ವನ ಶರಣು. ಅತ್ತೆ ಆರಾಮ ಇದ್ದಾರೆ, ಆಕಳೂ ಆರಾಮ. ನಾನು ಮಾತ್ರ ಒಂದು ಕಡೆ ಕೂಡುತ್ತಿಲ್ಲ. ಈ ಕಾಗದಕ್ಕೆ ಕೂತ ಮೇಲೂ ಎದ್ದು ಹಿತ್ತಲಿಗೆ ಹೋಗಿ ನೋಡಿ ಬಂದೆ. ಇವತ್ತು ಮುಂಜಾನೆ ಮೊದಲ ಬಾಟಲಿ ತೆರೆದೆವು. ಗಾಜಿನ ಲೋಟಕ್ಕೆ ಸುರಿದು ಬಿಸಿಲಿಗೆ ಹಿಡಿದರೆ ದಾಳಿಂಬೆ ಕಾಳಿನ ಕೆಂಪು. ಮೊದಲು ಹುಳಿ ಹತ್ತಿತು, ಆಮೇಲೆ ಸಣ್ಣ ಒಗರು, ನುಂಗಿದ ಮೇಲೆ ಕವಳಿ ಹಣ್ಣಿನ ಘಮ ಮೂಗಿನಲ್ಲಿ ಉಳಿಯಿತು. ಕೆಟ್ಟಿಲ್ಲ, ಹುಳಿನೀರಾಗಿಲ್ಲ. ನಾನು ಮಾಡಿದ್ದು ಖರೇನೇ ವೈನ್ ಆಗಿದೆ.

ನಿಮಗೆ ಏನೂ ತಿಳಿಯದೆ ಹುಬ್ಬು ಗಂಟು ಹಾಕಿರುತ್ತೀರಿ. ಮೊದಲಿನಿಂದ ಹೇಳುತ್ತೇನೆ. ಈ ವರ್ಷ ಬರೆದ ಕಾಗದಗಳಲ್ಲೆಲ್ಲ ನಿಮಗೆ ಕಾಫಿಯ ಸುದ್ದಿ ಮಾತ್ರ ಬರೆದೆ, ಇದನ್ನು ಮುಚ್ಚಿಟ್ಟೆ. ನೀವು ಪಲ್ಟಣಿನಿಂದ ಪೆನ್ಶನ್ ಪಡೆದು ಮನೆಗೆ ಬಂದ ದಿನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಬೇಕೆಂದಿದ್ದೆ.

ಬೆಂಗಳೂರಿನ ಕ್ವಾರ್ಟರ್ಸಿನಲ್ಲಿ ನಮ್ಮ ಬಾಜು ಮನೆಯ ಕೊಡಗಿನ ಬೊಳ್ಳಮ್ಮಕ್ಕ ನೆನಪಿದ್ದಾರಲ್ಲ. ಹಸಿ ಕಾಫಿ ಬೀಜ ಹುರಿಯುವುದನ್ನು ನನಗೆ ಕಲಿಸಿದವರು ಅವರು. ಚಹಾ ಬಿಟ್ಟು ಬೇರೆ ಕಂಡಿರದ ನಾನು ಹಿತ್ತಾಳೆಯ ಫಿಲ್ಟರಿನ ಮುಂದೆ ಕೂತು, ಡಿಕಾಕ್ಷನ್ ಹನಿ ಹನಿ ಇಳಿಯುವುದನ್ನು ಪೂಜೆಗೆ ಕೂತಂತೆ ನೋಡುತ್ತಿದ್ದೆ. ಅವರ ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಹಣ್ಣಿನ ವೈನಿನ ಭರಣಿಗಳಿರುತ್ತಿದ್ದವು. ಹಬ್ಬಕ್ಕೆ ನಮಗೂ ಒಂದು ಚಿಕ್ಕ ಲೋಟ ಸಿಗುತ್ತಿತ್ತು. ರಮ್ಮಿನ ವಾಸನೆಗೇ ಮುಖ ತಿರುಗಿಸುವ ನೀವು ಆ ಲೋಟವನ್ನು ಮಾತ್ರ ಖಾಲಿ ಮಾಡಿ, "ಪೆನ್ಶನ್ ಆದ ಮ್ಯಾಲ ಊರಾಗ ನಮ್ಮದೂ ಇಂಥಾದ್ದೊಂದು ತಂಪನ ಖೋಲಿ ಇರಬೇಕು ನೋಡು" ಅಂದಿರಿ. ನೀವು ಮಾತಿಗೆ ಅಂದಿರಬಹುದು. ನಾನು ಅದನ್ನು ಗಂಟು ಕಟ್ಟಿಕೊಂಡು ಬಂದೆ.

ಇಲ್ಲಿಗೆ ಬಂದು ಮೊದಲ ಸಲ ಬೀಜ ಹುರಿದಾಗ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಜ್ವಾಳಾ ಸುಟ್ಟಂಗ ವಾಸನಿ, ಮಂದಿ ಏನಂದಾರು" ಅಂದಿದ್ದರು. ಈಗ ಹುರಿಯುವವರೇ ಅವರು. ಬೀಜ ಚಟಪಟ ಅಂದ ಮೇಲೆ ಎಷ್ಟು ಹೊತ್ತು ಬಿಡಬೇಕೆಂದು ನನಗೇ ಹೇಳುತ್ತಾರೆ. ಲಿಂಗಪೂಜೆ ಮುಗಿಸಿ ಎದ್ದರೆಂದರೆ ಬಟ್ಟಲು ಅವರ ಮುಂದಿರಬೇಕು, ಮೇಲೆ ನೊರೆ ಇರಬೇಕು.

ಆದರೆ ವೈನ್ ಬೇರೆ ಮಾತು. ಏಪ್ರಿಲಿನಲ್ಲಿ ಗೌಂಡಿ ಹಣಮಪ್ಪನನ್ನು ಕರೆಸಿ, ಹಿತ್ತಲ ದಿಬ್ಬವನ್ನು ಕಡಿದು ಒಂದು ಖೋಲಿ ಮಾಡಿಕೊಡು ಅಂದೆ. ಕೆಂಪು ಕಲ್ಲಿನ ದಿಬ್ಬ, ಬೇಸಿಗೆಯಲ್ಲೂ ಒಳಗೆ ಕೈ ಇಟ್ಟರೆ ತಂಪು. ಯಾತಕ್ಕೆಂದು ಅತ್ತೆ ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕೇಳಿದವರೇ ಕಟ್ಟೆಯ ಮೇಲೆ ಕೂತುಬಿಟ್ಟರು. "ಲಿಂಗಾ ಕಟ್ಟಿದ ಮನಿಯಾಗ ಹೆಂಡಾ ಇಡಾಕ ನಾ ಬಿಡಂಗಿಲ್ಲ" ಅಂದರು. ಇದು ಮಾರುವುದಕ್ಕಲ್ಲ, ಕುಡಿದು ಬೀಳುವುದಕ್ಕೂ ಅಲ್ಲ, ನಿಮ್ಮ ಮಗ ಬಾಯಿಬಿಟ್ಟು ಬೇಡಿದ್ದು ಇದೊಂದೇ ಅಂದೆ. ಎರಡು ದಿನ ಕಾಫಿಯನ್ನೇ ಮುಟ್ಟಲಿಲ್ಲ. ಮೂರನೆಯ ದಿನ ಹಣಮಪ್ಪನಿಗೆ, "ಬಾಗಲಾ ಅಡಗಿಮನಿ ಕಡೆ ಬ್ಯಾಡ, ಆ ಕಡೆ ಇಡು" ಅಂದರು. ಅದೇ ಒಪ್ಪಿಗೆ ಎಂದು ತಿಳಿದುಕೊಂಡೆ.

ಆ ಖೋಲಿ ಕಟ್ಟಿದ ಸಂಭ್ರಮವನ್ನು ಹೇಗೆ ಬರೆಯಲಿ? ನಾಲ್ಕು ಮೆಟ್ಟಿಲು ಇಳಿದರೆ ಒಳಗೆ ಇಬ್ಬರು ನಿಲ್ಲುವಷ್ಟು ಜಾಗ. ಗೋಡೆಗೆ ಕಲ್ಲಿನ ಗೂಡು, ಬಾಟಲಿ ಮಲಗಿಸಲು ಹಲಸಿನ ಹಲಗೆ. ನಿಲ್ಲಿಸಿಟ್ಟರೆ ಬಿರಡೆ ಒಣಗಿ ಗಾಳಿ ಹೋಗುತ್ತದೆಂದು ಬೊಳ್ಳಮ್ಮಕ್ಕ ಹೇಳಿದ್ದು ನೆನಪಿತ್ತು. ಭರಣಿಗಳನ್ನು ಇಲ್ಲಿನ ಕುಂಬಾರರಲ್ಲೇ ಒಳಗೆ ಹೊಳಪು ಬರುವಂತೆ ಮಾಡಿಸಿದೆ. ಮೇ ತಿಂಗಳಲ್ಲಿ ಕಾಡಿನ ಕಡೆಯ ಹೆಂಗಸರು ಪೇಟೆಗೆ ಕವಳಿ ಹಣ್ಣು ತಂದರೆ ಬುಟ್ಟಿಸಮೇತ ಮನೆಗೆ ಕರೆದುಕೊಂಡು ಬರುತ್ತಿದ್ದೆ. ಹಣ್ಣು ಹಿಚುಕಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಹಿಡಿ ಗೋಧಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟೆ. ಮರುದಿನ ಕಿವಿ ಇಟ್ಟು ಕೇಳಿದರೆ ಒಳಗೆ ಗುಸುಗುಸು. ನಗಬೇಡಿರಿ, ಆ ಸದ್ದು ಕೇಳಲೆಂದೇ ದಿನಕ್ಕೆ ಹತ್ತು ಸಲ ಇಳಿಯುತ್ತಿದ್ದೆ.

ಈಗ ಹೇಳುವುದನ್ನು ಓದಿ ಬೈಯಬೇಡಿರಿ. ಜೂನಿನಲ್ಲಿ ಮಳೆ ಜೋರಾಯಿತು. ಇರಚಲು ಒಳಗೆ ಬರಬಾರದೆಂದು ಬಾಗಿಲ ಸಂದಿಗೆಲ್ಲ ಗೋಣಿತಟ್ಟು ತುರುಕಿದ್ದೆ. ಒಂದು ಮಧ್ಯಾಹ್ನ ಭರಣಿ ತಿರುವಲು ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಚಿಮಣಿ ದೀಪ ಹಿಡಿದು ಇಳಿದೆ. ಕೊನೆಯ ಮೆಟ್ಟಿಲಲ್ಲಿ ದೀಪ ಸಣ್ಣಗಾಗಿ ಆರಿತು. ಎಣ್ಣೆ ಮುಗಿದಿರಬೇಕು ಎಂದುಕೊಂಡು ಕತ್ತಲಲ್ಲೇ ಬಗ್ಗಿ ಭರಣಿಗೆ ಕೈ ಹಾಕಿದೆ. ತಲೆ ಗಿರ್ರೆಂದಿತು. ಕೂಗಬೇಕೆಂದರೆ ಉಸಿರಿಲ್ಲ. ಸೌಟು ಬಿದ್ದ ಸದ್ದು ಮಾತ್ರ ಕೇಳಿದ ನೆನಪು.

ಕಣ್ಣು ತೆರೆದಾಗ ಹಿತ್ತಲ ಕೆಸರಿನಲ್ಲಿ ಮಲಗಿದ್ದೆ, ಮುಖದ ಮೇಲೆ ಮಳೆ. ಅತ್ತೆ ಕೆನ್ನೆಗೆ ಹೊಡೆಯುತ್ತಿದ್ದರು. ಅಕ್ಕಿ ಆರಿಸುತ್ತ ಕೂತವರು ಸೌಟಿನ ಸದ್ದು ಕೇಳಿ ಕರೆದಿದ್ದರು. ನಾನು ಓಗೊಡದಿದ್ದಾಗ ಉಸಿರು ಕಟ್ಟಿ ಇಳಿದು, ತುರುಬು ಹಿಡಿದು ಎಳೆದು ತಂದಿದ್ದರು. ಅರವತ್ತು ದಾಟಿದ ಜೀವ. "ದೀಪಾ ಆರಿದ ಜಾಗಾದಾಗ ಮನಷ್ಯಾ ನಿಲ್ತಾನೇನು ಹುಚ್ಚಿ? ಅವಗ ನಾ ಏನಂತ ಬರೀಸ್ಲಿ?" ಎಂದು ಅತ್ತರು. ಅವರ ತವರಿನಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವಿಗೆ ಹೀಗೇ ಇಳಿದು ಜನ ಸತ್ತಿದ್ದನ್ನು ಅವರು ಕಂಡಿದ್ದರು. ಹುದುಗುವ ಹಣ್ಣಿನಿಂದಲೂ ಅಂಥದೇ ಗಾಳಿ ಏಳುತ್ತದೆಂಬುದು ನನಗೆ ಹೊಳೆದಿರಲಿಲ್ಲ.

ಭರಣಿಗಳು ಇನ್ನು ಉಳಿಯುವುದಿಲ್ಲ ಎಂದುಕೊಂಡೆ. ಮರುದಿನ ಹಣಮಪ್ಪನನ್ನು ಕರೆಸಿದವರು ಅವರೇ. ಒಡೆಸಲಿಕ್ಕಲ್ಲ. ಗಾಳಿ ಆಡಲೆಂದು ನೆಲದ ಮಟ್ಟದಲ್ಲೊಂದು, ಮೇಲೊಂದು ಮಣ್ಣಿನ ಕೊಳವೆ ಕೂಡಿಸಿದರು, ಬಾಗಿಲನ್ನು ಜಾಳಿಗೆಯದು ಮಾಡಿಸಿದರು. "ಜೀವಾ ಒತ್ತೆ ಇಟ್ಟು ಮಾಡೀದಿ. ಮಾಡೂದಾದ್ರ ಛಲೋತ್ನಂಗ ಮಾಡು" ಅಂದರು. ಅಂದಿನಿಂದ ಮೊದಲು ದೀಪ ಇಳಿಯುತ್ತದೆ, ಆಮೇಲೆ ಅತ್ತೆ, ಆಮೇಲೆ ನಾನು. ಸೋಸಿದ್ದು, ಬಾಟಲಿಗೆ ತುಂಬಿದ್ದು, ಬಿರಡೆ ಬಡಿದದ್ದು ಇಬ್ಬರೂ ಕೂಡಿಯೇ. ಅವರು ಇವತ್ತೂ ಬಾಯಿಗೆ ಹಾಕಲಿಲ್ಲ. ಲೋಟ ಮೂಸಿ, "ಹಣ್ಣಿನ ವಾಸನಿ ಉಳದೈತಿ, ಕೆಟ್ಟಿಲ್ಲ" ಅಂದರು.

ಇನ್ನು ನಿಮ್ಮ ಮಾತಿಗೆ ಬರುತ್ತೇನೆ. ಕೋರ್ಸಿಗೆಂದು ಪುಣೆಗೆ ಬಂದಿದ್ದೇನೆ ಎಂದು ಬರೆದಿರಿ. ಪೆನ್ಶನ್ ಆದ ಮೇಲೆ ಮುಂಬೈಯಲ್ಲೇ ಕೆಲಸ ನೋಡಿಕೊಳ್ಳುತ್ತೇನೆ, ಊರಿಗೆ ಬರುವುದಾಗಲಿಕ್ಕಿಲ್ಲ, ನೀವೂ ಬರಬೇಡಿರಿ ಅಂದಿರಿ. ಆ ಕಾಗದ ಓದಿ ನಾನು ಏನೇನು ಯೋಚಿಸಿದೆನೋ ಬರೆಯಲಾರೆ. ಬೇರೆ ಯಾರಾದರೂ ಇದ್ದಾರೇನು ಎಂದೂ ಅನಿಸಿತು.

ದಸರೆ ಆದ ಮೇಲೆ ಬಾಳಾಸಾಹೇಬರು ಬಂದಿದ್ದರು, ನಿಮ್ಮ ಜೊತೆ ಪಲ್ಟಣಿನ ವರ್ಕ್‌ಶಾಪಿನಲ್ಲಿದ್ದು, ಈಗ ಬೆಳಗಾವಿಯ ಆಟೋ ನಗರದಲ್ಲಿ ಗಾಡಿ ರಿಪೇರಿ ಇಟ್ಟವರು. ನಿಮ್ಮನ್ನು ಪುಣೆಯಲ್ಲಿ ನೋಡಿ ಬಂದಿದ್ದರು. ನಮಗೆ ಗೊತ್ತಿದೆ ಎಂದುಕೊಂಡೇ ಮಾತು ತೆಗೆದರು. ಕಾಫಿ ಕೊಟ್ಟು ಎದುರಿಗೆ ನಿಂತಿದ್ದೆ. "ಕಾಲ ಹೋದ್ರ ಹೋತ್ರೀ, ಜೀವಾ ಉಳದೈತಲ್ಲ" ಅಂದರು. ಗುಡ್ಡದ ದಾರಿಯಲ್ಲಿ ಕೆಟ್ಟು ನಿಂತ ಟ್ರಕ್ಕಿನ ಕೆಳಗೆ ನೀವು ಮಲಗಿ ಕೆಲಸ ಮಾಡುವಾಗ ಅದು ಜರುಗಿ ಕಾಲ ಮೇಲೆ ಬಂದದ್ದು, ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದದ್ದು, ಈಗ ಪುಣೆಯ ಆಸ್ಪತ್ರೆಯಲ್ಲಿ ಕೃತಕ ಕಾಲು ಕಟ್ಟಿ ನಡೆಯಲು ಕಲಿಸುತ್ತಿರುವುದು, ಎಲ್ಲ ಹೇಳಿದರು. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು.

ಅತ್ತೆವು. ಅದನ್ನೂ ಬರೆಯುತ್ತೇನೆ, ಇಬ್ಬರೂ ಬಹಳ ಅತ್ತೆವು. ಆದರೆ ಖರೇ ಹೇಳಲೇ? ಅಳುವಿನ ನಡುವೆ ನನ್ನ ಎದೆಯ ಮೇಲಿನ ಕಲ್ಲು ಇಳಿದಿತ್ತು. ನೀವು ನಮ್ಮನ್ನು ಬಿಟ್ಟಿರಲಿಲ್ಲ. ನಾಚಿಕೆಗೆ ದೂರ ನಿಂತಿದ್ದಿರಿ, ಅಷ್ಟೇ. ಕಾಲು ಹೋದ ಗಂಡನ ಜೊತೆ ಬಾಳಬಲ್ಲೆ. ಕಾಗದದಲ್ಲಿ ಮಾತ್ರ ಇರುವ ಗಂಡನ ಜೊತೆ ಆಗುವುದಿಲ್ಲ.

ಹೋದ ವಾರ ಒಬ್ಬಳೇ ಬೆಳಗಾವಿಗೆ ಬಸ್ಸು ಹಿಡಿದು ಆಟೋ ನಗರಕ್ಕೆ ಹೋಗಿದ್ದೆ. ಬಾಳಾಸಾಹೇಬರಿಗೆ ಪಾಲುದಾರ ಬೇಕಂತೆ, ನಿಮ್ಮನ್ನೇ ಕೇಳಿದರು. ಕರುಣೆಗೆ ಕೊಡುವುದಾದರೆ ಬೇಡ ಅಂದೆ. ಅವರು ನಕ್ಕು, "ಗುರುಪಾದ ಇಂಜಿನ್ನಿನ ಸದ್ದ ಕೇಳೇ ರೋಗಾ ಹೇಳ್ತಾನ. ಸ್ಪ್ಯಾನರ್ ಹಿಡಿಯಾವರು ಸಿಗ್ತಾರ, ಆ ಕಿವಿ ಎಲ್ಲಿ ಸಿಗತೈತಿ?" ಅಂದರು. ಅಲ್ಲೇ ಸುತ್ತಮುತ್ತ ಮೆಟ್ಟಿಲಿಲ್ಲದ ಬಾಡಿಗೆ ಮನೆಯನ್ನೂ ನೋಡಿ ಬಂದೆ. ವಾರವಿಡೀ ಅಲ್ಲಿ, ರವಿವಾರ ಇಲ್ಲಿ. ಖೋಲಿಯ ಮೆಟ್ಟಿಲುಗಳನ್ನು ಅಗಲ ಮಾಡಿ ಎರಡೂ ಕಡೆ ಹಿಡಿದು ಇಳಿಯಲು ಕಟಾಂಜನ ಹಾಕಿಸುವುದೂ ಆಯಿತು. ನೀವೇ ಇಳಿದು ಬಾಟಲಿ ಆರಿಸಬೇಕು. ನಾನು ಎತ್ತಿ ಕೊಡುವುದಿಲ್ಲ.

ಬೇಡವೆಂದು ಬರೆಯಲು ನಿಮಗೆ ಹಕ್ಕಿದೆ. ಆದರೆ ಮುಖ ತೋರಿಸಿ ಬೇಡವೆನ್ನಿರಿ. ಬರುವ ಮೇಗೆ ಕವಳಿಯ ಜೊತೆ ನೇರಳೆಯನ್ನೂ ಹಾಕಬೇಕೆಂದಿದ್ದೇನೆ. ಹಣ್ಣು ಹಿಚುಕಲು ಕೈ ಕಡಿಮೆ ಬೀಳುತ್ತವೆ.

ನಿಮ್ಮವಳು,
ಅಕ್ಕವ್ವ

ತಾ.ಕ.: ಬರಬೇಡಿರಿ ಅಂದಿದ್ದೀರಿ, ನಾವು ಕೇಳುತ್ತಿಲ್ಲ. ಬುಧವಾರದ ಗಾಡಿಗೆ ಹೊರಟು ಮಿರಜದಲ್ಲಿ ಬದಲಿಸಿ ಗುರುವಾರ ನಿಮ್ಮಲ್ಲಿರುತ್ತೇವೆ. ಅತ್ತೆ ಇದುವರೆಗೆ ಬೆಳಗಾವಿ ದಾಟಿದವರಲ್ಲ. ಈಗ ಅವರ ಗಂಟು ಕಟ್ಟುವಾಗ ಸೀರೆಯ ಮಡಿಕೆಯಲ್ಲಿ ಹೊಸ ಬೂಟಿನ ಡಬ್ಬಿ ಸಿಕ್ಕಿತು. ನನಗೆ ಹೇಳದೆ ಬಾಳಾಸಾಹೇಬರ ಕೈಯಲ್ಲಿ ತರಿಸಿದ್ದಾರೆ. ಎಡಗಾಲಿನದು ಇನ್ನೇಕೆಂದು ಒಂದನ್ನೇ ತರಿಸಿದ್ದಾರೇನೋ ಎಂದು ಹೆದರಿ ತೆರೆದು ನೋಡಿದೆ. ಜೋಡಿಯೇ ಇತ್ತು.