ನಿಮ್ಮ ಕಪಾಟಿನಲ್ಲಿರುವ ನನ್ನ ಕೋಲು

ಕೌಂಟಿ ಉದ್ಯಾನ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಹಳ್ಳದ ಪಕ್ಕದ ಹಳೇ ಕಾಲದ ಕರಿಮದ್ದಿನ ಕೋವಿಗಳಲ್ಲಿ ಗುರಿ ಹೊಡೆಯುವ ನಮ್ಮ ಮೈದಾನಕ್ಕೆ ತಾವು ಬೀಗ ಹಾಕಿಸಿ ಆರು ವಾರವಾಯಿತು. ಆ ಬೀಗ ಅನ್ಯಾಯ, ಅದಕ್ಕೆ ಆಧಾರವಾದ ದೂರು ಶುದ್ಧ ಸುಳ್ಳು. ಬರುವ ಗುರುವಾರದ ಸಭೆಯಲ್ಲಿ ತಾವು ಮೈದಾನವನ್ನು ಶಾಶ್ವತವಾಗಿ ಮುಚ್ಚುವ ಮೊದಲು ಊರಿಗೆಲ್ಲ ಇದು ತಿಳಿಯಲಿ ಎಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

"ಹಲವು ನಾಗರಿಕರ ಗಂಭೀರ ದೂರುಗಳ ಮೇರೆಗೆ" ಎಂದು ತಮ್ಮ ಆದೇಶ ಶುರುವಾಗುತ್ತದೆ. ಆ ಹಲವರಲ್ಲಿ ಒಬ್ಬರ ಮುಖವನ್ನಾದರೂ ಕಂಡಿರಾ? ಸಹಿಯಿಲ್ಲದ ಮೂರು ಪತ್ರಗಳು ಒಂದೇ ದಿನ, ಒಂದೇ ಅಂಚೆ ಕಚೇರಿಯಿಂದ ಬಂದದ್ದು ತಮ್ಮಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲವೇ? "ಪಕ್ಕದ ದನದ ಹುಲ್ಲುಗಾವಲಿಗೆ ಬಂದು ಬಿದ್ದ, ಕೋವಿಗೆ ಮದ್ದುಗುಂಡು ತುಂಬುವ ಕೋಲು" ತಮ್ಮ ಕಪಾಟಿನಲ್ಲಿ ಸಾಕ್ಷ್ಯವಾಗಿ ಕೂತಿದೆಯಂತೆ. ಹುಲ್ಲುಗಾವಲಿನ ಮಾಲೀಕನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿರಲಿಲ್ಲವೇ? ತಮ್ಮ ಕಚೇರಿಯಿಂದ ಮೈದಾನಕ್ಕೆ ಹನ್ನೊಂದೇ ಮೈಲಿ. ಆದರೆ ತಮ್ಮನ್ನು ಹೆಚ್ಚು ಬೈಯುವ ಯೋಗ್ಯತೆ ನನಗಿಲ್ಲ. ಆ ಹಲವು ನಾಗರಿಕರು ನಾನೇ.

ಈ ಊರಿನ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಉಪಪ್ರಾಂಶುಪಾಲನಾಗಿದ್ದವನು ನಾನು. ಬೇರೆಯವರ ತಪ್ಪಿಗೆ ಶಿಕ್ಷೆಯ ಚೀಟಿ ಬರೆದು ಕೈ ಪಳಗಿದೆ. ನಿವೃತ್ತಿಯಾದ ಮೇಲೆ, ಅಪ್ಪ ಬಿಟ್ಟುಹೋದ ಚಕಮಕಿ ಕೋವಿಯನ್ನು ಮಂಚದಡಿಯಿಂದ ತೆಗೆದೆ. ಇಪ್ಪತ್ತರ ಹರೆಯದಲ್ಲಿ ಬಿಟ್ಟುಬಿಟ್ಟಿದ್ದ ಹವ್ಯಾಸ ಅದು. ಮದ್ದು ಅಳೆದು ಸುರಿದೆ, ಜಿಡ್ಡು ಹಚ್ಚಿದ ಬಟ್ಟೆಯ ಚೂರಿನಲ್ಲಿ ಸೀಸದ ಗುಂಡನ್ನಿಟ್ಟೆ, ಮರದ ಉದ್ದನೆಯ ಕೋಲಿನಿಂದ ನಳಿಗೆಯ ತಳದವರೆಗೂ ತಳ್ಳಿ ಕೂರಿಸಿದೆ. ಕೋವಿಯ ಕುದುರೆ ಎಳೆದರೆ ಒಂದು ಕಿಡಿ, ಒಂದಿಷ್ಟು ತಡ, ಆಮೇಲೆ ಢಮ್! ಕೊಳೆತ ಮೊಟ್ಟೆಯ ವಾಸನೆಯ ಬಿಳಿ ಹೊಗೆಯೊಳಗೆ ನಿಂತು ಒಬ್ಬನೇ ನಗುತ್ತಿದ್ದೆ. ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ಎರಡು ನಿಮಿಷದ ಕೆಲಸವಿದೆ. ಅಷ್ಟು ಹೊತ್ತು ಮನಸ್ಸಿಗೆ ಬೇರೆ ಯಾವ ಯೋಚನೆಯೂ ಬರುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನನಗೆ ಅಂಥ ಸುಖ ಸಿಕ್ಕಿದ್ದು ಅಲ್ಲೇ.

ಅಕ್ಟೋಬರಿನ ಪಂದ್ಯದ ದಿನ ಹೊಸಬರಿಗೆ ಸುರಕ್ಷತೆಯ ಪಾಠ ಹೇಳುತ್ತಾ ಕೋವಿ ತುಂಬಿದೆ. ಮಾತಿನ ಭರದಲ್ಲಿ ಕೋಲನ್ನು ನಳಿಗೆಯಿಂದ ಹೊರತೆಗೆಯುವುದನ್ನೇ ಮರೆತು ಹೊಡೆದೆ. ಅದು ಹಾರಿ ಗುರಿಹಲಗೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ನಾಟಿಕೊಂಡು ನಡುಗಿತು. ಹುಲ್ಲುಗಾವಲಿಗೆ ಅದು ಹೋಗಿಯೇ ಇಲ್ಲ, ಸ್ವಾಮಿ. ದಿಬ್ಬ ತನ್ನ ಕೆಲಸ ಮಾಡಿತ್ತು.

ಮೈದಾನ ನೋಡಿಕೊಳ್ಳುವ ಡೆಲ್ಫಿಯಾ ಫ್ಯೂಗೇಟ್‌ಗೆ ಎಪ್ಪತ್ತೆಂಟು ವರ್ಷ. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಮೇಷ್ಟ್ರೇ, ಬಿಲ್ಲು ಮನೇಲಿ ಬಿಟ್ಟು ಬರೀ ಬಾಣ ತಂದ್ರಾ? ಕಿತ್ಕೊಂಡು ಬನ್ನಿ, ಗೋಡೆ ಕಾಯ್ತಾ ಐತೆ."

ಹಾಗೆ ಹಾರಿಸಿದ ಕೋಲನ್ನು ಹೆಸರು, ತಾರೀಖು ಬರೆದು ಶೆಡ್ಡಿನ ಗೋಡೆಗೆ ನೇತುಹಾಕುವುದು ಅಲ್ಲಿನ ಪದ್ಧತಿ.

"ಬೇಡ ಡೆಲ್ಫಿಯಾ, ಹೊಸಬರ ಮುಂದೆ ಮಾನ ಹೋಗುತ್ತೆ," ಎಂದೆ.

"ಮೊದಲ್ನೇ ಕೋಲು ನಂದೇ, ನೋಡಿ, ಎಂಬತ್ತೊಂದನೇ ಇಸ್ವಿ. ನಿಮ್ದು ಎಂಟನೇದು. ಮುಖ ಊದಿಸ್ಕೋಬೇಡಿ, ಬೀನ್ಸ್ ಸಾರು ಬಿಸಿ ಐತೆ, ಬನ್ನಿ."

ನಾನು ಉಣ್ಣದೆ ಮನೆಗೆ ಬಂದೆ. ಎಂಥ ಸಣ್ಣ ಮನುಷ್ಯ ನಾನು! ಸೋಮವಾರ ಯಾರೂ ಇಲ್ಲದಾಗ ಶೆಡ್ಡಿಗೆ ಹೋಗಿ ನನ್ನ ಕೋಲನ್ನು ಕದ್ದೆ. ಅದರ ಮೇಲಿದ್ದ ನನ್ನ ಹೆಸರನ್ನು ಕೆರೆದು ತೆಗೆದು ಒಂದು ಪತ್ರದ ಜೊತೆ ತಮಗೆ ಕಳಿಸಿದೆ, ಉಳಿದೆರಡು ಪತ್ರ ಬೇರೆ ಬೇರೆ ಕೈಬರಹದಲ್ಲಿ ಬರೆದೆ. ತಾವು ಆ ಪದ್ಧತಿಗೆ ತಡೆ ಹಾಕಿ ಗೋಡೆಯಿಂದ ನನ್ನ ಹೆಸರನ್ನು ಶಾಶ್ವತವಾಗಿ ಇಳಿಸಿದ್ದರೆ ಸಾಕಿತ್ತು. ತಾವು ಮೈದಾನವನ್ನೇ ಇಳಿಸಿಬಿಟ್ಟಿರಿ.

ಹೋದ ಭಾನುವಾರ ಡೆಲ್ಫಿಯಾ ನನ್ನ ಬಾಗಿಲು ತಟ್ಟಿದಳು. ಕಂಕುಳಲ್ಲಿ ಏನೋ ಉದ್ದನೆಯದು ಇತ್ತು.

"ಯಾರೋ ಪುಣ್ಯಾತ್ಮರು ಸುಳ್ಳು ದೂರು ಕೊಟ್ಟು ಬೀಗ ಹಾಕ್ಸವ್ರೆ ಮೇಷ್ಟ್ರೇ. ನನ್ ಗಂಡ ಕೈಯಾರೆ ಕಟ್ಟಿದ ಶೆಡ್ಡು, ನಾನು ಇನ್ನೆಲ್ಲಿಗೆ ಹೋಗ್ಲಿ? ನಿಮ್ ಬರವಣಿಗೆ ಚೆನ್ನಾಗೈತೆ, ಆ ಸಾಹೇಬ್ರಿಗೆ ಒಂದು ಕಾಗದ ಬರೀರಿ."

"ಬರೀತೀನಿ," ಎಂದೆ.

"ನಿಮ್ ಕೋಲನ್ನೂ ಯಾವನೋ ಕದ್ದವ್ನೆ. ಬೇಜಾರ್ ಮಾಡ್ಕೋಬೇಡಿ, ಹಿಕರಿ ಮರದ್ದು ಹೊಸದೊಂದು ಕೆತ್ತಿದೀನಿ. ಹಿಡೀರಿ."

ಆ ಕೋಲು ಈಗ ನನ್ನ ಮೇಜಿನ ಮೇಲಿದೆ. ಅದನ್ನು ಮುಟ್ಟಲು ನಾಚಿಕೆಯಾಗುತ್ತದೆ. ಅವಳು ಕೇಳಿದ ಕಾಗದ ಇದೇ. ಅವಳಿಗೆ ಮೊದಲು ಓದಿ ಹೇಳುವ ಧೈರ್ಯ ನನಗೆ ಬರಲಿಲ್ಲ, ಊರಿನವರ ಜೊತೆಗೇ ಅವಳೂ ಓದಲಿ.

ಗುರುವಾರ ಬೀಗ ತೆಗೆಸಿ. ಸುಳ್ಳು ದೂರಿಗೆ ಏನು ಶಿಕ್ಷೆ ಇದೆಯೋ ಅದನ್ನು ನನಗೆ ಕೊಡಿ, ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಮತ್ತೆ, ಆ ಕೋಲನ್ನು ದಯವಿಟ್ಟು ಎಸೆಯಬೇಡಿ, ಡೆಲ್ಫಿಯಾ ಕೈಗೆ ಹಿಂತಿರುಗಿಸಿ. ಗೋಡೆಯಲ್ಲಿ ಎಂಟನೆಯ ಮೊಳೆ ಇನ್ನೂ ಇದೆ. ಅವಳಿಗೆ ಮನಸ್ಸಿದ್ದರೆ ನನ್ನ ಹೆಸರನ್ನು ಮತ್ತೆ ಬರೆದು, ಅದರ ಕೆಳಗೆ ಈ ಸುಳ್ಳು ದೂರಿನ ಕಥೆಯನ್ನೂ ಬರೆದು ತೂಗುಹಾಕಲಿ.

ಇಂತಿ, ತಲೆ ಎತ್ತಲಾಗದ,
ತಮ್ಮ "ಹಲವು ನಾಗರಿಕರು",
ವರ್ಲಿನ್ ನೇಪಿಯರ್